ಚಂಪವ್ವನ ಕೆಮ್ಮು ಯಾರದು

"ಹಂಗಾರ ಈ ಕೆಮ್ಮು ಯಾರದವಾ?" ಎಂದು ಹೊನ್ನವ್ವ ಕೇಳಿದಳು. ಕೇಳಿದ್ದು ಸೊಸೆಯನ್ನು, ನೋಡಿದ್ದು ಮಾತ್ರ ನನ್ನನ್ನು.

ನಾನು ಆಗಷ್ಟೇ ಲ್ಯಾಬಿನ ಮೂರು ಚೀಟಿ ಓದಿ ಮುಗಿಸಿದ್ದೆ. ಹೊನ್ನವ್ವನ ಗಂಟಲಲ್ಲಿ ಏನೂ ಇಲ್ಲ. ಮಗ ತಿಪ್ಪಣ್ಣನ ಗಂಟಲಲ್ಲಿ ಏನೂ ಇಲ್ಲ. ಮೊಮ್ಮಗಳು ಸಾವಕ್ಕನ ಗಂಟಲಲ್ಲೂ ಏನೂ ಇಲ್ಲ. ಆ ಮನೆಯಲ್ಲಿರುವುದು ನಾಲ್ಕೇ ಜನ. ನಾಲ್ಕನೆಯವಳು ಸೊಸೆ ಚಂಪವ್ವ, ಚಿಂದಿ ಜೋಡಿಸಿ ಊರಿಗೆಲ್ಲ ಹೊದೆಯುವ ಕೌದಿ ಹೊಲಿದು ಕೊಡುವವಳು, ಗೋಡೆಗೆ ಒರಗಿ ಕುಳಿತು ನಾಲ್ಕು ದಿನದಿಂದ ಕೆಮ್ಮುತ್ತಿದ್ದಳು. ಅವಳ ಗಂಟಲನ್ನು ನಾನು ನೋಡಿರಲಿಲ್ಲ. ಕೆಮ್ಮುವವರ ಗಂಟಲಿಗೆ ನಮ್ಮೂರಲ್ಲಿ ಯಾರು ಕಡ್ಡಿ ಹಾಕುತ್ತಾರೆ?

ನಮ್ಮಲ್ಲಿ ರೋಗ ಬಂದವರು ಕೆಮ್ಮುವುದಿಲ್ಲ. ಅವರನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವರು ಯಾರೋ ಅವರು ಕೆಮ್ಮುತ್ತಾರೆ. ಕೂಸಿಗೆ ಎದೆ ಕಟ್ಟಿದರೆ ತಾಯಿ ಕೆಮ್ಮುತ್ತಾಳೆ, ಮುದುಕನಿಗೆ ಕಟ್ಟಿದರೆ ಮುದುಕಿ. ಹೊಸ ಸೊಸೆ ಬಂದ ಮನೆಯವರು ಮೊದಲ ಚಳಿಗಾಲ ಉಸಿರು ಬಿಗಿಹಿಡಿದು ಕಾಯುತ್ತಾರೆ. ಅವಳಿಗೆ ನೆಗಡಿಯಾದಾಗ ಗಂಡ ಕೆಮ್ಮಿದರೆ ಸರಿ. ಅದು ಬಿಟ್ಟು, ತವರಿನಲ್ಲಿ ಅವಳವ್ವ ಕೆಮ್ಮಿದಳೆಂದು ಸುದ್ದಿ ಬಂದರೆ ಗಂಡನ ಮನೆಯವರು ಎರಡು ದಿನ ತಲೆ ಎತ್ತಿ ಓಡಾಡುವುದಿಲ್ಲ. ಒಮ್ಮೆ ಒಬ್ಬರ ಎದೆ ಹಿಡಿದ ಕೆಮ್ಮು ಆ ರೋಗ ವಾಸಿಯಾಗುವ ತನಕ ಎದೆ ಬದಲಿಸುವುದಿಲ್ಲ. ಹಾಗಾಗಿ ಆಮೇಲೆ ಅತ್ತು ಕರೆದು ಪ್ರೀತಿ ತೋರಿಸಿ ಪ್ರಯೋಜನವಿಲ್ಲ. ಯಾರದು ಕೆಮ್ಮು ಎಂದು ಕೇಳುವುದು ನಮ್ಮಲ್ಲಿ ಊಟ ಆಯಿತೇ ಎಂದು ಕೇಳಿದ ಹಾಗೆ. ಬಸ್ಸಿನಲ್ಲಿ ಗುರುತಿಲ್ಲದವರೂ ಕೇಳುತ್ತಾರೆ, ಗಂಡಂದು, ಅಣ್ಣಂದು, ಸಣ್ಣ ಮಗಳದು ಎಂದು ಹೇಳಿ ನಾವು ಮುಂದಿನ ಸ್ಟಾಪಿನಲ್ಲಿ ಇಳಿಯುತ್ತೇವೆ.

ತನ್ನವರು ಅನ್ನುವವರು ಒಬ್ಬರೂ ಇಲ್ಲದವರು ಮಾತ್ರ ತಮ್ಮ ಕೆಮ್ಮನ್ನು ತಾವೇ ಕೆಮ್ಮಬೇಕು. ಅದನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಜಗಳ ಕೈಮೀರಿ, ಬೈಯಲು ಬೇರೇನೂ ಉಳಿಯದಾಗ, ನಿನ್ನ ಕೆಮ್ಮು ನೀನ ಕೆಮ್ಮು ಎನ್ನುತ್ತಾರೆ. ಅಷ್ಟಾದ ಮೇಲೆ ಆ ಎರಡು ಮನೆಗಳ ನಡುವೆ ಮೊಸರಿನ ಹೆಪ್ಪೂ ಓಡಾಡುವುದಿಲ್ಲ.

ನನಗೆ ಈ ಕೆಲಸ ಕಲಿಸಿದವನು ಕಂಪೌಂಡರ್ ಮಲ್ಲೇಶಪ್ಪ. ನಾನು ಓದಿದ್ದು ಏಳನೇ ಇಯತ್ತೆ, ಲ್ಯಾಬಿಗೆ ಬಂದದ್ದು ಗಾಜು ತೊಳೆಯಲಿಕ್ಕೆ. ಆತ ತನ್ನ ಕಣ್ಣು ಮಂಜಾದ ಮೇಲೆ ನನ್ನ ಕಣ್ಣಿನಿಂದ ಸೂಕ್ಷ್ಮದರ್ಶಕ ನೋಡುತ್ತಿದ್ದ, ಏನು ಕಾಣ್ತೈತಿ ಹೇಳು, ಉದ್ದಕೈತೋ ಗುಂಡಗೈತೋ ಎಂದು ಕೇಳಿ ಕೇಳಿ ನನ್ನನ್ನು ತಯಾರು ಮಾಡಿದ. ಆತ ಹೇಳಿಕೊಟ್ಟ ಮೊದಲ ಪಾಠವೇ ಇದು: "ಸುಭದ್ರಾ, ಕೆಮ್ಮೋರ ಬಾಯಿ ತಗಸಬ್ಯಾಡ. ರೋಗ ಇವತ್ತಲ್ಲ ನಾಳೆ ಹೋಗ್ತೈತಿ. ಆ ಅವಮಾನ ಹೋಗಂಗಿಲ್ಲ." ನಮ್ಮ ರಿಜಿಸ್ಟರಿನಲ್ಲಿ ಎರಡು ಕಾಲಂ. ಎಡಕ್ಕೆ ಕೆಮ್ಮುವವರ ಹೆಸರು, ಬಲಕ್ಕೆ ರೋಗಿಯ ಹೆಸರು. ಇಪ್ಪತ್ತಾರು ವರ್ಷದಲ್ಲಿ ಒಂದೇ ಸಾಲಿನಲ್ಲಿ ಎರಡೂ ಕಡೆ ಒಂದೇ ಹೆಸರು ನಾನು ಬರೆದದ್ದಿಲ್ಲ.

ಆ ಚಳಿಗಾಲ ಊರಿಗೆ ಎರಡು ರೋಗ ಒಟ್ಟಿಗೆ ಬಂದಿದ್ದವು. ಹೊರಗಿನಿಂದ ಎರಡೂ ಒಂದೇ ತೆರ. ಜ್ವರ, ಪಕ್ಕೆ ಹಿಡಿಯುವುದು, ಮೇಲುಸಿರು, ಕೊನೆಗೆ ಉಗುರು ನೀಲಿಯಾಗುವುದು. ಒಂದಕ್ಕೆ ಗುಳಿಗೆ ಸಾಕು. ಇನ್ನೊಂದಕ್ಕೆ ಗುಳಿಗೆ ನುಂಗಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಇಂಜೆಕ್ಷನ್ನೇ ಬೇಕು. ಆ ಇಂಜೆಕ್ಷನ್ ಬಹಳ ಖಡಕ್ಕು, ಬೇಡದವರಿಗೆ ಕೊಟ್ಟರೆ ಮೂತ್ರಪಿಂಡ ತಿಂದುಹಾಕುತ್ತದೆ. ಅಂದಾಜಿನ ಮೇಲೆ ಕೊಟ್ಟು ಒಬ್ಬ ಮುದುಕ ತೀರಿಹೋದ ಮೇಲೆ ನಮ್ಮ ಡಾಕ್ಟರ್ ಮುಲ್ಲಾ, ಸುಭದ್ರಕ್ಕನ ತಟ್ಟೆ ನೋಡದೆ ಇನ್ನು ಸಿರಿಂಜ್ ಮುಟ್ಟುವುದಿಲ್ಲ ಎಂದುಬಿಟ್ಟಿದ್ದರು.

ತಟ್ಟೆ ಎಂದರೆ ಹೀಗೆ. ಲ್ಯಾಬಿನ ಹಿತ್ತಲಲ್ಲಿ ಒಂದು ಟಗರು ಕಟ್ಟಿದ್ದೇವೆ, ಹೆಸರು ಸಾಹುಕಾರ. ಅದರ ಕುತ್ತಿಗೆಯಿಂದ ಒಂದಿಷ್ಟು ರಕ್ತ ತೆಗೆದು, ಕಾಯಿಸಿದ ಅಂಟು ಉಗುರುಬೆಚ್ಚಗಾದಾಗ ಕಲಸಿ, ಗಾಜಿನ ತಟ್ಟೆಗಳಿಗೆ ಹೊಯ್ದು ಹೆಪ್ಪುಗಟ್ಟಿಸುತ್ತೇನೆ. ಗಂಟಲಲ್ಲಿ ಆಡಿಸಿದ ಹತ್ತಿಕಡ್ಡಿಯಿಂದ ಅದರ ಮೇಲೆ ಗೆರೆ ಎಳೆದು ಬಿಸಿಪೆಟ್ಟಿಗೆಯೊಳಗೆ ಇಟ್ಟರೆ, ಮಾರನೆಯ ಬೆಳಿಗ್ಗೆ ರೋಗ ಅಲ್ಲಿ ಮೊಳೆತು ಕುಳಿತಿರುತ್ತದೆ. ಸುತ್ತ ಹಸಿರು ಉಂಗುರ ಬಿಟ್ಟಿದ್ದರೆ ಗುಳಿಗೆಯ ರೋಗ. ಲೋಳೆಯಾಗಿ ಹಬ್ಬಿ, ತಂತಿ ತಾಗಿಸಿ ಎತ್ತಿದರೆ ಬೆಲ್ಲದ ಪಾಕದ ಹಾಗೆ ಎಳೆ ಬಂದರೆ ಇಂಜೆಕ್ಷನ್ನಿನ ರೋಗ. ಈ ಎರಡನೆಯದು ಯಾರನ್ನೂ ಎಂಟನೇ ದಿನ ದಾಟಿಸುತ್ತಿರಲಿಲ್ಲ. ಆ ಚಳಿಗಾಲ ಏಳು ಜನ ಹೋಗಿದ್ದರು. ಏಳೂ ಜನ ಕೆಮ್ಮದೆ, ಸದ್ದಿಲ್ಲದೆ ಹೋಗಿದ್ದರು. ಯಾರೋ ಕೆಮ್ಮುತ್ತಿದ್ದಾರೆಂದರೆ ಎಲ್ಲೋ ಒಬ್ಬರು ಸುಮ್ಮನೆ ಮಲಗಿದ್ದಾರೆ ಎಂದು ಅರ್ಥ, ಎಂಟು ದಿನದೊಳಗೆ ಅವರನ್ನು ಹುಡುಕಬೇಕು.

ಅದಕ್ಕೇ ಹೊನ್ನವ್ವನ ಪ್ರಶ್ನೆಗೆ ಆ ಮನೆಯಲ್ಲಿ ಯಾರೂ ನಗಲಿಲ್ಲ. ಚಂಪವ್ವನ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಹೊನ್ನವ್ವ ಬೆರಳು ಮಡಚುತ್ತ ಬಳಗವನ್ನೆಲ್ಲ ಎಣಿಸಿದಳು, ಸತ್ತವರು ಯಾರು, ಮಾತು ಬಿಟ್ಟವರು ಯಾರು ಎಂದು ಬಿಡಿಸಿ ಬಿಡಿಸಿ ಹೇಳಿದಳು. ಎಣಿಕೆ ಮುಗಿದರೂ ಹೆಸರು ಸಿಗಲಿಲ್ಲ. ತಿಪ್ಪಣ್ಣ ಹಿಟ್ಟಿನ ಗಿರಣಿ ನಡೆಸುವವನು. ರೆಪ್ಪೆಯ ಮೇಲೆ ಹಿಟ್ಟು ಕೂತ ಹಾಗೇ ಬಂದಿದ್ದ, ಬಾಗಿಲಲ್ಲಿ ನಿಂತೇ ಇದ್ದ.

"ಮನಿ ಮಂದಿದಲ್ಲ ಅಂದ್ರ ಹೊರಗಿನವರದ ಇರಬೇಕಲ್ರಿ, ಅಕ್ಕಾರ," ಎಂದ. "ಹುಡುಕ್ರಿ. ಯಾರು ಅಂತ ನನಗೂ ಗೊತ್ತಾಗ್ಲಿ."

ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಸಾವಕ್ಕ ಅವ್ವನಿಗೆ ನೀರು ತಂದವಳು, ಅಪ್ಪನ ಮುಖ ನೋಡಿ, ಲೋಟ ಕೊಡಲೋ ಬೇಡವೋ ಎಂಬಂತೆ ನಡುಮನೆಯಲ್ಲೇ ನಿಂತಳು. ಚಂಪವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮಿದಳು.

ಐದನೇ ದಿನಕ್ಕೆ ಮಾತು ಊರೆಲ್ಲ ಹಬ್ಬಿತ್ತು. ನಳದ ಹತ್ತಿರ, ಗಿರಣಿಯ ಸರತಿಯಲ್ಲಿ, ಎಲ್ಲೆಲ್ಲೂ ಚಂಪವ್ವನದೇ ಸುದ್ದಿ. ಮೂವತ್ತು ವರ್ಷ ಚಿಂದಿ ಜೋಡಿಸಿದವಳು ಗಂಟು ಎಲ್ಲಿ ಹಾಕಿದ್ದಳೋ ಎಂದು ಒಬ್ಬಳು ಅಂದಳಂತೆ, ಉಳಿದವರು ನಕ್ಕರಂತೆ. ಅಂದು ಲ್ಯಾಬಿನ ಹಿತ್ತಲ ಬಾಗಿಲಿಗೆ ಒಬ್ಬರ ಹಿಂದೆ ಒಬ್ಬರಂತೆ ಮೂವರು ಗಂಡಸರು ಬಂದರು. ಮೊದಲನೆಯವನು ಚಂಪವ್ವನಿಗೆ ಹಳೆ ಬಟ್ಟೆ ತಂದು ಕೊಡುವ ಹಸನ್‌ಸಾಬ, ಅರವತ್ತು ದಾಟಿದವನು. ಸಾಹುಕಾರನ ಮೈ ಸವರುತ್ತ ಬಹಳ ಹೊತ್ತು ಟಗರಿನ ವಿಷಯವೇ ಮಾತಾಡಿ, ಆಮೇಲೆ ಮೆಲ್ಲಗೆ, ನನ್ನ ಗಂಟಲೂ ಒಂದು ನೋಡಿಬಿಡ್ರಿ, ಸುಮ್ನ, ಹೆಸರು ಬರೀಬ್ಯಾಡ್ರಿ ಎಂದ. ಎರಡನೆಯವನು ಸಾಲೆಯ ಡ್ರಾಯಿಂಗ್ ಮಾಸ್ತರ. ಅವಳ ಕೌದಿಯ ಬಣ್ಣ ನೋಡಲಿಕ್ಕೆ ಆಗಾಗ ಹೋಗುತ್ತಿದ್ದನಂತೆ, ಬಣ್ಣಕ್ಕಾಗಿ ಮಾತ್ರ ಎಂದು ಎರಡು ಸಲ ಹೇಳಿದ. ಮೂರನೆಯವನನ್ನು ಅವನ ಹೆಂಡತಿಯೇ ರಟ್ಟೆ ಹಿಡಿದು ಕರೆತಂದಿದ್ದಳು. ನಾನು ಯಾರನ್ನೂ ಏನೂ ಕೇಳಲಿಲ್ಲ. ಬಾಯಿ ತೆರೆಸಿ ಕಡ್ಡಿ ಆಡಿಸಿದೆ. 

ಆರನೇ ದಿನ ಬೆಳಿಗ್ಗೆ ಮೂರೂ ತಟ್ಟೆ ಖಾಲಿ. ಹಸನ್‌ಸಾಬನಿಗೆ ಹೇಳಿದಾಗ ಅವನಿಗೆ ಸಮಾಧಾನವಾಯಿತೋ ಬೇಸರವಾಯಿತೋ ನನಗೆ ತಿಳಿಯಲಿಲ್ಲ. "ಛಲೋ ಆತು ಬಿಡ್ರಿ," ಎಂದ, ಟೋಪಿ ಸರಿಮಾಡಿಕೊಂಡ, ಹೋದ.

ಡಾಕ್ಟರ್ ಮುಲ್ಲಾ ಖಾಲಿ ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಇನ್ನು ಎರಡು ದಿನ ಎಂದರು. ಮನೆ ಮನೆಗೆ ಹೋಗಿ ಎಲ್ಲರ ಗಂಟಲು ನೋಡಲು ಅಷ್ಟು ತಟ್ಟೆಗಳಿಲ್ಲ, ಸಾಹುಕಾರನಲ್ಲಿ ಅಷ್ಟು ರಕ್ತವೂ ಇಲ್ಲ. ಆಕೆ ಬಾಯಿಬಿಡಬೇಕು, ಹೆಂಗಸರ ಹತ್ತಿರ ಹೆಂಗಸರೇ ಕೇಳಬೇಕು ಎಂದು ನನ್ನನ್ನೇ ಕಳಿಸಿದರು.

ನಾನು ಹೋದಾಗ ಮಧ್ಯಾಹ್ನ. ತಿಪ್ಪಣ್ಣ ಗಿರಣಿಯಲ್ಲಿದ್ದ, ಸಾವಕ್ಕ ಕಾಲೇಜಿಗೆ ಹೋಗಿದ್ದಳು, ಹೊನ್ನವ್ವ ಪಡಸಾಲೆಯಲ್ಲಿ ಗೊರಕೆ ಹೊಡೆಯುತ್ತಿದ್ದಳು. ಚಂಪವ್ವ ಒಳಕೋಣೆಯಲ್ಲಿ ಒಂದು ಅರ್ಧ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಿದ್ದಳು. ಎರಡು ಹೊಲಿಗೆ ಹಾಕುವುದು, ಕೆಮ್ಮುವುದು, ಮತ್ತೆ ಎರಡು ಹೊಲಿಗೆ. ಮುಖ ಕೆಂಪಾಗಿತ್ತು. ನನಗೆ ಅದು ವಿಶೇಷ ಅನ್ನಿಸಲಿಲ್ಲ, ಬೇರೆಯವರ ಕೆಮ್ಮು ಹೊತ್ತವರಿಗೆ ಕೆಮ್ಮಿ ಕೆಮ್ಮಿ ಮೈ ಬಿಸಿಯಾಗುವುದು ನಮ್ಮಲ್ಲಿ ಮಾಮೂಲು. ನಾನು ಹತ್ತಿರ ಕುಳಿತು ಕೇಳುವುದನ್ನೆಲ್ಲ ಕೇಳಿದೆ. ಹೆದರಬೇಡ, ಯಾರ ಮುಂದೆಯೂ ಆಡುವುದಿಲ್ಲ, ಅಲ್ಲೊಂದು ಜೀವ ಹೋಗುತ್ತಿದೆ, ಹೆಸರೊಂದು ಹೇಳು ಸಾಕು ಎಂದು ಬೇಡಿಕೊಂಡೆ. ಅವಳು ತಲೆ ಅಲ್ಲಾಡಿಸುತ್ತ ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಹೋಗಲಿಲ್ಲ. ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದಳು. ಆಗ ನನಗೆ ಅವಳ ಉಗುರು ಕಂಡಿತು.

ಐದೂ ಬೆರಳಿನ ಉಗುರು ನೀಲಿ. ಕೆಮ್ಮುವವರ ಮೈ ಬಿಸಿಯಾಗಬಹುದು, ಕಣ್ಣು ಕೆಂಪಾಗಬಹುದು. ಉಗುರು ನೀಲಿಯಾಗುವುದಿಲ್ಲ. ಉಗುರು ನೀಲಿಯಾಗುವುದು ರೋಗಿಗೆ.

ನಾನು ನೋಡಿದ್ದನ್ನು ಅವಳು ನೋಡಿದಳು. ಕೈ ಕೌದಿಯ ಅಡಿಗೆ ಹೋಯಿತು.  ಇಪ್ಪತ್ತಾರು ವರ್ಷ ಬೇರೆಯವರಿಗೆ ಮಾಡದ ಕೆಲಸ, ಕೇಳದ ಮಾತು. ಗಂಡ ಇದ್ದಾನೆ, ಮಗಳಿದ್ದಾಳೆ, ಅತ್ತೆ ಪಡಸಾಲೆಯಲ್ಲೇ ಮಲಗಿದ್ದಾಳೆ. ಅಂಥವಳಿಗೆ ಬಾಯಿ ತೆರಿ ಎಂದು ಹೇಗೆ ಹೇಳುವುದು?

"ಯಾವಾಗಿಂದ ಗೊತ್ತೈತಿ ನಿನಗ?" ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಗೊರಕೆ ನಡೆದೇ ಇತ್ತು.

"ಮೂರನೇ ದಿನ ಗೊತ್ತಾತ್ರಿ," ಎಂದಳು. "ಪಕ್ಕಿ ಹಿಡೀತು. ಅವಾಗ."

"ಮತ್ತ ಇಷ್ಟು ಮಂದಿ ಇಷ್ಟೆಲ್ಲ ಮಾತಾಡಾಕತ್ತಾರ. ನಿನ್ನ ಗಂಡ ಹಂಗ ನಿಂತು ಕೇಳ್ತಾನ. ಯಾಕ ಸುಮ್ನ ಕುಂತಿ?"

"ಯಾರೋ ಒಬ್ಬಾಂವ ಅದಾನ ಅಂತ ಊರು ಅನ್ಲಿ ಬಿಡ್ರಿ, ಅಕ್ಕಾರ." ಸಣ್ಣಗೆ ಕೆಮ್ಮಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಯಾರೂ ಇಲ್ಲ ಅನ್ನೋದಕ್ಕಿಂತ ಅದು ಛಲೋ."

 ಪಡಸಾಲೆಯಲ್ಲಿ ಹೊನ್ನವ್ವ ಮಗ್ಗಲು ಬದಲಿಸಿದಳು. ನಾವಿಬ್ಬರೂ ಗೊರಕೆ ಮತ್ತೆ ಶುರುವಾಗುವ ತನಕ ಅಲ್ಲಾಡಲಿಲ್ಲ. ಚೀಲದಿಂದ ಹತ್ತಿಕಡ್ಡಿ ತೆಗೆದೆ. ಅವಳು ಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಂಡಳು, ತುಟಿ ಬಿಗಿಹಿಡಿದಳು. ಹುಡುಗರು ಕಹಿ ಔಷಧಿಗೆ ಬಿಗಿಹಿಡಿಯುತ್ತಾರಲ್ಲ, ಹಾಗೆ. ನಾಳೆ ಏಳನೇ ದಿನ, ನಾಡಿದ್ದು ಎಂಟು, ತಟ್ಟೆಗೆ ಒಂದು ರಾತ್ರಿ ಬೇಕು, ಈಗ ಬಾಯಿ ತೆರೆಯದಿದ್ದರೆ ಆಮೇಲೆ ತೆರೆದರೂ ಉಪಯೋಗವಿಲ್ಲ ಎಂದು ಪಿಸುದನಿಯಲ್ಲಿ ಲೆಕ್ಕ ಹೇಳಿದೆ. ಮಗಳ ಹೆಸರು ಎತ್ತಿದೆ. ಅವಳು ಕಣ್ಣು ಮುಚ್ಚಿದಳೇ ಹೊರತು ಬಾಯಿ ತೆರೆಯಲಿಲ್ಲ.

ಆಗ ನಾನು ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ. ಹೋದ ವರ್ಷದ ರಿಜಿಸ್ಟರಿನಲ್ಲಿ ಒಂದು ಸಾಲಿದೆ. ಎಡಕ್ಕೆ ಸುಭದ್ರಾ, ಬಲಕ್ಕೆ ಪಾರಕ್ಕ. ಪಾರಕ್ಕ ನನ್ನ ತಂಗಿ. ಬೇರೆ ಊರಲ್ಲಿದ್ದಾಳೆಂದು ಎಲ್ಲರಿಗೂ ಹೇಳಿದ್ದೇನೆ. ಅವಳು ತೀರಿಕೊಂಡು ಒಂಬತ್ತು ವರ್ಷ. ಆ ಸಲ ನಾನೇ ಕನ್ನಡಿ ಮುಂದೆ ನಿಂತು ನನ್ನ ಗಂಟಲಿಗೆ ಕಡ್ಡಿ ಹಾಕಿಕೊಂಡೆ. ಹಸಿರು ಉಂಗುರ ಬಂತು. ಗುಳಿಗೆ ನುಂಗಿದೆ, ಕೆಮ್ಮು ನಿಂತಿತು. ತಂಗಿಗೆ ಹೇಗಿದೆ ಎಂದು ಊರವರು ಕೇಳಿದರು, ಆರಾಮ ಆದಳು ಎಂದೆ.

ಚಂಪವ್ವ ಕಣ್ಣು ತೆರೆದು ನನ್ನನ್ನು ನೋಡಿದಳು. 

"ಕನ್ನಡಿ ಮುಂದ ನಿಂತು ಹಾಕ್ಕೊಂಡ್ರ?" ಎಂದು ಕೇಳಿದಳು. "ಓಕರಿಕಿ ಬರಲಿಲ್ಲೇನ್ರಿ?"

"ಎರಡು ಸಲ ಬಂತು."

ಅವಳಿಗೆ ನಗು ಬಂತು, ನಗುವಿನ ಜೊತೆ ಕೆಮ್ಮೂ ಬಂತು. ಕೆಮ್ಮು ನಿಂತ ಮೇಲೆ ಕಿಟಕಿಯ ಕಡೆ ತಿರುಗಿ ಬಾಯಿ ತೆರೆದಳು.

ಏಳನೇ ದಿನ ಬೆಳಿಗ್ಗೆ ನಾನು ಬಿಸಿಪೆಟ್ಟಿಗೆ ತೆರೆದಾಗ ತಟ್ಟೆಯ ತುಂಬ ಲೋಳೆ. ತಂತಿಯನ್ನು ದೀಪಕ್ಕೆ ಹಿಡಿದು ಆರಿಸಿ, ತಾಗಿಸಿ ಎತ್ತಿದೆ. ಎಳೆ ನನ್ನ ಗೇಣುದ್ದ ಬಂತು. ಡಾಕ್ಟರ್ ಮುಲ್ಲಾ ಯಾರ ತಟ್ಟೆ ಎಂದು ಕೇಳಿದರು, ಹೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ಆಮೇಲೆ ಬೀರುವಿನ ಕೀಲಿ ತಿರುವಿ ಔಷಧಿಯ ಬಾಟಲಿ ತೆಗೆದಿಟ್ಟು, ರಿಜಿಸ್ಟರ್ ಬರೀರಿ ಎಂದರು. ಹೆಸರು ಬರೆಯದೆ ಆ ಬಾಟಲಿ ಒಡೆಯುವ ಹಾಗಿರಲಿಲ್ಲ. ಎಡಗಡೆ ಚಂಪವ್ವ ಎಂದು ನಾಲ್ಕನೇ ದಿನವೇ ಬರೆದಿದ್ದೆ. ಬಲಗಡೆ ಖಾಲಿ ಇತ್ತು. ಪೆನ್ನಿನ ಟೊಪ್ಪಿಗೆ ತೆಗೆಯುವಷ್ಟರಲ್ಲಿ ಮುಂದಿನ ಬಾಗಿಲು ಸದ್ದಾಯಿತು. ತಿಪ್ಪಣ್ಣ, ಅವನ ಹಿಂದೆ ಚಂಪವ್ವ, ಅವಳನ್ನು ಹಿಡಿದುಕೊಂಡು ಹೊನ್ನವ್ವ. ಅವನು ಹೆಂಡತಿಯನ್ನು ನಡೆಸಿಕೊಂಡೇ ತಂದಿದ್ದ. ಅವಳು ಬಾಗಿಲ ಚೌಕಟ್ಟು ಹಿಡಿದು ಉಸಿರಿಗೆ ಒದ್ದಾಡುತ್ತಿದ್ದಳು.

"ನಿನ್ನೆ ಮನಿಗೆ ಬಂದಿದ್ರಂತ," ಎಂದ ತಿಪ್ಪಣ್ಣ. "ಹೆಸರು ಹೇಳ್ಯಾಳ ಇಕಿ. ಬರಕೊಂಡಿರ್ತೀರಿ. ತೋರಸ್ರಿ."

ಡಾಕ್ಟರ್ ಮುಲ್ಲಾ ಅವನ ಮುಂದೆ ನಿಂತು, ರಿಜಿಸ್ಟರ್ ಹಾಗೆಲ್ಲ ತೋರಿಸುವಂಥದ್ದಲ್ಲ, ಹೊರಗೆ ಕೂತಿರು ಎಂದು ಸಮಾಧಾನ ಮಾಡಲು ನೋಡಿದರು. ತಿಪ್ಪಣ್ಣ ಅವರನ್ನು ದಾಟಿ ನನ್ನ ಮೇಜಿನ ಹತ್ತಿರ ಬಂದ. ಚಂಪವ್ವ ನನ್ನನ್ನೇ ನೋಡುತ್ತಿದ್ದಳು, ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳು. ಸತ್ಯ ಬರೆದರೆ ಅವಳು ಈ ಬಾಗಿಲಿನಿಂದಲೇ ತಿರುಗಿ ಹೋಗುತ್ತಾಳೆ, ಔಷಧಿ ಬಾಟಲಿಯಲ್ಲೇ ಉಳಿಯುತ್ತದೆ. ಖಾಲಿ ಬಿಟ್ಟರೆ ಇವನು ಬಿಡುವುದಿಲ್ಲ. ಸತ್ತ ತಂಗಿಯ ಹೆಸರು ಎರಡನೇ ಸಲ ನಡೆಯುವುದಿಲ್ಲ. ನನ್ನ ಕೈ ತಾನಾಗಿ ಬರೆಯಿತು ಎಂದರೆ ಸುಳ್ಳಾಗುತ್ತದೆ, ಯೋಚನೆ ಮಾಡಿಯೇ ಬರೆದೆ. ಬರೆದು ರಿಜಿಸ್ಟರನ್ನು ಅವನ ಕಡೆ ತಿರುಗಿಸಿದೆ.

ಅವನು ಬೆರಳಿಟ್ಟು ಓದಿದ. ಎಡಕ್ಕೆ ಚಂಪವ್ವ, ಬಲಕ್ಕೆ ಸುಭದ್ರಾ.

"ನೀವಾ?" ಎಂದ.

"ಹೌದಪ್ಪಾ. ನಂದ ಕೆಮ್ಮು. ನನಗ ಜಡ್ಡಾಗೇತಿ, ನಿನ್ನೆ ತನಕ ನನಗೂ ಗೊತ್ತಿರ್ಲಿಲ್ಲ, ಪಾಪ, ನಿನ್ನ ಹೇಂತಿ ಕೆಮ್ಮಾಕತ್ತಾಳ."

ಹೊನ್ನವ್ವ ಗಲ್ಲದ ಮೇಲೆ ಕೈಯಿಟ್ಟುಕೊಂಡಳು. ಎಂದು ಗೆಳತಿಯರಾದಿರಿ, ನಮಗೆ ಗೊತ್ತೇ ಇಲ್ಲವಲ್ಲ ಎಂದು ಶುರುಮಾಡಿದಳು. ನಾನು ಕೌದಿಯ ನೆಪ ಹೇಳಿದೆ. ಎಂಟು ವರ್ಷದ ಹಿಂದೆ ಹೊಲಿದು ಕೊಟ್ಟದ್ದು, ನೀಲಿ ಅಂಚಿನದು, ಅಂದಿನಿಂದ ಎಂದೆ. ಕೌದಿ ಹೊಲಿದು ಕೊಟ್ಟದ್ದು ನಿಜವೇ. ತಿಪ್ಪಣ್ಣ ಆ ಎರಡು ಹೆಸರುಗಳ ಮೇಲೆ ಬೆರಳು ಇಟ್ಟುಕೊಂಡೇ ನಿಂತಿದ್ದ. ಅವನ ಭುಜ ನಿಧಾನವಾಗಿ ಇಳಿಯಿತು. ಅಕ್ಕಾರ ಹತ್ತಿರ ಕೂತಿರು, ಅವರಿಗೆ ಆರಾಮ ಆಗುವ ತನಕ ನೋಡಿಕೋ ಎಂದು ಹೆಂಡತಿಗೆ ಹೇಳಿ, ಗಿರಣಿಯ ಬೆಲ್ಟು ಬಿಟ್ಟು ಬಂದಿದ್ದೇನೆ ಎಂದು ಅವ್ವನನ್ನೂ ಕರೆದುಕೊಂಡು ಹೊರಟುಹೋದ. ಬಾಗಿಲು ಮುಚ್ಚಿದ ಮೇಲೆ ಡಾಕ್ಟರ್ ಮುಲ್ಲಾ ಪರದೆ ಎಳೆದರು. ಬಾಟಲಿಯ ಕುತ್ತಿಗೆ ಟಕ್ ಎಂದು ಮುರಿಯಿತು.

ಎಂಟನೇ ದಿನ ನಾನು ಏನನ್ನೂ ತಿನ್ನಲಿಲ್ಲ. ಚಂಪವ್ವ ಪರದೆಯ ಹಿಂದೆ ಮಂಚದ ಮೇಲೆ ಮಲಗಿದ್ದಳು, ನಾನು ಅವಳ ಉಗುರು ನೋಡುತ್ತ ಕುಳಿತಿದ್ದೆ. ಬೆಳಿಗ್ಗೆ ನೀಲಿ, ಮಧ್ಯಾಹ್ನ ನೀಲಿ. ನನಗೆ ಜಡ್ಡೆಂದು ತಿಳಿದ ಊರವರು ಒಬ್ಬೊಬ್ಬರಾಗಿ ನೋಡಲು ಬಂದರು. ಅವರು ಬಂದಾಗೆಲ್ಲ ನಾನು ಮೇಜಿನ ಮೇಲೆ ತಲೆಯಿಟ್ಟು ನರಳಬೇಕಾಗಿತ್ತು. ಹೊನ್ನವ್ವ ಒಂದು ಪಾತ್ರೆ ಗಂಜಿ ತಂದಳು. ಬೇಗ ಆರಾಮ ಆಗವಾ, ನಮ್ಮ ಹುಡುಗಿ ಕೆಮ್ಮಿ ಕೆಮ್ಮಿ ಬಡಕಲಾಗಾಕತ್ತಾಳ ಎಂದು ನನ್ನನ್ನು ಬೈದು ಹೋದಳು. ಆ ಗಂಜಿಯನ್ನು ನಾನು ಚಮಚದಿಂದ ಚಂಪವ್ವನಿಗೆ ಕುಡಿಸಿದೆ. ನಮ್ಮತ್ತಿ ಗಂಜಿಗೆ ಇಷ್ಟು ತುಪ್ಪ ಹಾಕ್ತಾಳಂತ ನನಗ ಗೊತ್ತ ಇರ್ಲಿಲ್ಲ ಎಂದಳು ಅವಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಬ್ಬೆರಳ ಉಗುರಿನ ಬುಡದಲ್ಲಿ ಒಂದು ಕಡಲೆಬೇಳೆಯಷ್ಟು ಜಾಗ ಕೆಂಪಾಗಿತ್ತು. ನಾನು ಡಾಕ್ಟರನ್ನು ಕರೆದು ತೋರಿಸಿದೆ.  ಅವರು ಹಿತ್ತಲಿಗೆ ಹೋಗಿ ಸಾಹುಕಾರನಿಗೆ ಒಂದು ಉಂಡೆ ಬೆಲ್ಲ ತಿನ್ನಿಸಿ ಬಂದರು.

ಇಂಜೆಕ್ಷನ್ ಹತ್ತು ದಿನದ್ದು. ಹತ್ತೂ ದಿನ ಅವಳು ಬೆಳಿಗ್ಗೆ ಬಂದು ಸಂಜೆ ಹೋದಳು. ಕೈಯಲ್ಲಿ ಕಸುವು ಬಂದ ಮೇಲೆ ಸುಮ್ಮನೆ ಕೂರಲಿಲ್ಲ. ಕರೆಂಟು ಹೋದಾಗ ಬಿಸಿಪೆಟ್ಟಿಗೆ ಆರುತ್ತದೆಂದು ನಾನು ಗೋಣಿಚೀಲ ಹೊದಿಸುತ್ತಿದ್ದೆ. ಅದನ್ನು ನೋಡಿ ಮೂಗು ಮುರಿದು, ಪೆಟ್ಟಿಗೆಗೆ ಅಳತೆ ಹಿಡಿದು ಒಂದು ಕೌದಿ ಹೊಲಿಯತೊಡಗಿದಳು. ಹಸನ್‌ಸಾಬ ಒಳ್ಳೊಳ್ಳೆಯ ಚಿಂದಿ ಆರಿಸಿ ತಂದುಕೊಟ್ಟ. ನಾನು ತಟ್ಟೆ ತೊಳೆಯುತ್ತ, ಅವಳು ಹೊಲಿಯುತ್ತ, ಇಬ್ಬರೂ ಸತ್ತವರದು, ಬದುಕಿದವರದು ಎಲ್ಲ ಮಾತಾಡಿದೆವು. ಪಾರಕ್ಕನ ಬಗ್ಗೆ ನಾನು ಒಂಬತ್ತು ವರ್ಷದ ಮೇಲೆ ಬಾಯಿತುಂಬ ಮಾತಾಡಿದ್ದು ಆಗಲೇ. ಒಂದು ಮಧ್ಯಾಹ್ನ ತಿಪ್ಪಣ್ಣ ನನಗೆಂದು ಜೋಳದ ಹಿಟ್ಟಿನ ಚೀಲ ಹೊತ್ತುತಂದ. ಚೀಲ ಇಳಿಸಿ, ಹೋಗದೆ ನಿಂತ. ಹನ್ನೊಂದು ವರ್ಷದ ಹಿಂದೆ ತಾನು ಜ್ವರ ಬಂದು ಮಲಗಿದಾಗ ಅವಳೇ ಕೆಮ್ಮಿದ್ದಳೆಂದು ಹೇಳಿದ. ಹದಿನೈದು ದಿನ ಕೆಮ್ಮಿದ್ದಳಂತೆ. ಈಗ ಇನ್ನೊಬ್ಬರಿಗಾಗಿ ಕೆಮ್ಮುವುದನ್ನು ಕೇಳಿದರೆ ಒಂಥರಾ ಆಗುತ್ತದೆ ಎಂದ. ಅವನ ಹೆಂಡತಿಗೆ ಜಡ್ಡಾದರೆ ಯಾರು ಕೆಮ್ಮಬೇಕು ಎಂಬ ಮಾತು ನನ್ನ ನಾಲಿಗೆಯ ತುದಿಯ ತನಕ ಬಂತು. ಪರದೆಯ ಹಿಂದೆ ಸೂಜಿಯ ಸದ್ದು ನಿಂತಿತ್ತು. ನಾನು ಹಿಟ್ಟು ಬಹಳ ನುಣ್ಣಗೆ ಬಂದಿದೆ ಎಂದೆ.

ಕೆಮ್ಮು ದಿನದಿನಕ್ಕೆ ಇಳಿದು ಒಂದು ದಿನ ಪೂರ್ತಿ ನಿಂತಿತು. ನನಗೆ ಆರಾಮವಾಯಿತೆಂದು ಊರವರು ಸಂತೋಷಪಟ್ಟರು. ಬಿಸಿಪೆಟ್ಟಿಗೆಗೆ ಕೌದಿ ಬಂತು, ಕೆಂಪು ಹಳದಿ ಚೌಕಗಳದು, ಡ್ರಾಯಿಂಗ್ ಮಾಸ್ತರ ಬಂದು ನೋಡಿ ಬಣ್ಣ ಹೊಗಳಿ ಹೋದ. ಚಂಪವ್ವ ತನ್ನ ಮನೆಯಲ್ಲಿ, ನಾನು ನನ್ನ ಲ್ಯಾಬಿನಲ್ಲಿ. ಎರಡು ವಾರ ಕಳೆದ ಮೇಲೆ ಡಾಕ್ಟರ್ ಮುಲ್ಲಾ, ರೋಗ ಬೇರುಸಹಿತ ಹೋಗಿದೆಯೋ ನೋಡೋಣ ಎಂದು ಅವಳನ್ನು ಕರೆಸಿ ಕೊನೆಯ ಸಲ ಗಂಟಲು ನೋಡಿಸಿದರು. ಅಂದು ನನಗೆ ಬೆಳಗಿನಿಂದ ಹೆಗಲು ಸೆಳೆಯುತ್ತಿತ್ತು. ನಲವತ್ತು ತಟ್ಟೆ ತೊಳೆದದ್ದಕ್ಕಿರಬೇಕೆಂದು ಎಣ್ಣೆ ಹಚ್ಚಿಕೊಂಡು ಮಲಗಿದೆ.

ಮಾರನೆಯ ಬೆಳಿಗ್ಗೆ ಕೌದಿ ಸರಿಸಿ ತಟ್ಟೆ ತೆಗೆದರೆ ಒಂದು ಚುಕ್ಕೆಯೂ ಇಲ್ಲ. ಟಗರಿನ ರಕ್ತ ಹೊಯ್ದದ್ದು ಹೊಯ್ದ ಹಾಗೇ ಇತ್ತು. ಯಾರಿಗಾದರೂ ತೋರಿಸಬೇಕೆಂದು ತಿರುಗುವಾಗಲೇ ಚಂಪವ್ವ ಒಳಗೆ ಬಂದಳು. ತಟ್ಟೆಯನ್ನು ಅವಳ ಮುಂದೆ ಹಿಡಿದೆ. ಅವಳು ನೋಡಿದಳು, ನಕ್ಕಳು, ಏನೋ ಹೇಳಲು ಬಾಯಿ ತೆರೆದಳು. ಕೆಮ್ಮು ಬಂತು.

ಒಣ ಕೆಮ್ಮು, ಮೂರು ಸಲ. ತಟ್ಟೆ ನನ್ನ ಕೈಯಲ್ಲೇ ಇತ್ತು.

ನಸುಕಿನಿಂದ ಶುರುವಾಗಿದೆ ಎಂದಳು. ಮನೆಯಲ್ಲಿ ಅತ್ತೆ ಆಗಲೇ ಅದೇ ಪ್ರಶ್ನೆ ಕೇಳಿದ್ದಾಳಂತೆ, ಮೂವರೂ ಗಂಟಲು ತೋರಿಸಲು ಹಲ್ಲುಜ್ಜಿಕೊಂಡು ಕುಳಿತಿದ್ದಾರಂತೆ, ತಿಪ್ಪಣ್ಣ ಗಿರಣಿಯನ್ನೇ ತೆರೆದಿಲ್ಲವಂತೆ. ನಾನು ಗಡಿಬಿಡಿಯಲ್ಲಿ ಚೀಲ ತೆಗೆದು ಹತ್ತಿಕಡ್ಡಿ ಎಣಿಸತೊಡಗಿದೆ. ಒಂದು, ಎರಡು, ಮೂರು. ಅವಳು ನನ್ನ ಮುಂಗೈ ಹಿಡಿದಳು.

"ಅವರದು ಆಮ್ಯಾಲ ನೋಡುವಿಯಂತ," ಎಂದಳು. "ನಿನ್ನ ಕೈ ಯಾಕ ಹಿಂಗ ಸುಡಾಕತ್ತೈತಿ, ಅಕ್ಕಾ?"

"ಏನಿಲ್ಲ, ನಿನ್ನೆ ಹೆಗಲು ಸ್ವಲ್ಪ..."

 ಅವಳು ಕಾಲಿನಿಂದ ಸ್ಟೂಲು ಎಳೆದಳು, ರೋಗಿಗಳು ಕೂರುವ ಸ್ಟೂಲು, ಹೆಗಲು ಹಿಡಿದು ನನ್ನನ್ನು ಅದರ ಮೇಲೆ ಕೂರಿಸಿ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಪಕ್ಕಕ್ಕೆ ತಿರುಗಿ ಇನ್ನೊಮ್ಮೆ ಕೆಮ್ಮಿ, ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ಸೂಜಿ ಹಿಡಿದು ಹಿಡಿದು ಗಟ್ಟಿಯಾದ ಆ ಬೆರಳುಗಳಲ್ಲಿ ಒಂದು ಹತ್ತಿಕಡ್ಡಿ ಎತ್ತಿಕೊಂಡಳು. ನಾನು ಬಾಯಿ ತೆರೆದೆ.